ಸಂಪಾದಕರ ಉತ್ತರ: ನನ್ನೊಬ್ಬಳ ಬಲ್ಬಿನಿಂದ ಏನಾಗುತ್ತೆ?

ನಮಸ್ಕಾರ ಟೀಚರ್,

ತಿಪಟೂರು ಹತ್ತಿರದ ಹಳ್ಳಿಯಿಂದ ನೀವು ಬರೆದ ಪತ್ರ ಕಳೆದ ತಿಂಗಳೇ ಕೈ ಸೇರಿತ್ತು. ಉತ್ತರ ತಡವಾಯಿತು, ಕ್ಷಮಿಸಿ. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಉಳಿದ ಓದುಗರಿಗೂ ವಿಷಯ ಗೊತ್ತಾಗಲಿ ಅಂತ ಪತ್ರದ ಮುಖ್ಯ ಭಾಗವನ್ನು ಮಾತ್ರ ಇಲ್ಲಿ ಕೊಡುತ್ತಿದ್ದೇನೆ.

"ಹವಾಮಾನ ಬದಲಾವಣೆ ಬಗ್ಗೆ ನಿಮ್ಮ ಸಂಪಾದಕೀಯ ಓದಿದೆ. ಕೊನೆಯಲ್ಲಿ ‘ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸ ಮಾಡಬೇಕು’ ಎಂದಿದ್ದೀರಿ. ನಾನು ಮಾಡುತ್ತಲೇ ಇದ್ದೇನೆ. ಸಂತೆಗೆ ಬಟ್ಟೆ ಚೀಲ ಹಿಡಿದು ಹೋಗುತ್ತೇನೆ. ಅಡುಗೆಮನೆಯಿಂದ ಈಚೆ ಬರುವಾಗ ಬಲ್ಬ್ ಆರಿಸುತ್ತೇನೆ. ಹೊರಗೆ ಬಂದರೆ ಎದುರಿನ ಬೀದಿ ದೀಪ ಮಧ್ಯಾಹ್ನ 12 ಗಂಟೆಗೂ ಉರಿಯುತ್ತಿರುತ್ತದೆ. ಮಗ ಬೆಂಗಳೂರಿನಿಂದ ಕಾರಿನಲ್ಲಿ ಒಬ್ಬನೇ ಬರುತ್ತಾನೆ. ಟಿವಿ ಹಾಕಿದರೆ ಯುದ್ಧ, ವಿಮಾನ, ಹೊಗೆ. ನನ್ನೊಬ್ಬಳ ಬಲ್ಬಿನಿಂದ ಏನಾಗುತ್ತೆ? ಸಮಾಧಾನದ ಮಾತು ಬೇಡ, ನಿಜ ಹೇಳಿ."

ನಿಜ ಹೇಳುತ್ತೇನೆ. ನಿಮ್ಮ ಬಲ್ಬಿನಿಂದ ಹೆಚ್ಚೇನೂ ಆಗುವುದಿಲ್ಲ.

ಆ ಸಂಪಾದಕೀಯ ಬರೆದವನು ನಾನೇ. ನಿಮ್ಮ ಪತ್ರ ಓದಿದ ಮೇಲೆ ಅದರ ಕೊನೆಯ ಸಾಲನ್ನು ಇನ್ನೊಮ್ಮೆ ಓದಿಕೊಂಡೆ. ಅದರಲ್ಲಿ ತಪ್ಪಿದೆ. ಪಾಲಿನ ಕೆಲಸ ಎಂದೆ, ಯಾವ ಕೆಲಸ, ಎಷ್ಟು ಪಾಲು ಎಂದು ಹೇಳಲಿಲ್ಲ. ಅದನ್ನು ಹೇಳದೆ ಬಿಟ್ಟರೆ ನಿಮ್ಮಂಥ ಮನಸ್ಸಿರುವವರು ಹಗುರವಾದದ್ದನ್ನೆಲ್ಲ ಮೈಮೇಲೆ ಎಳೆದುಕೊಂಡು ಸುಸ್ತಾಗುತ್ತಾರೆ. ಭಾರವಾದದ್ದು ಮಾತ್ರ ಇದ್ದಲ್ಲೇ ಇರುತ್ತದೆ.

ತಿಪಟೂರಿನ ಕೊಬ್ಬರಿ ಮಾರುಕಟ್ಟೆ ನೋಡಿದವರು ನೀವು. ಅಲ್ಲಿ ಯಾರೂ ಕಣ್ಣಂದಾಜಿನಲ್ಲಿ ವ್ಯಾಪಾರ ಮಾಡುವುದಿಲ್ಲ, ತೂಕಕ್ಕೆ ಹಾಕುತ್ತಾರೆ. ಇದನ್ನೂ ಹಾಗೇ ತೂಗೋಣ. ನಮ್ಮ ದೇಶದಲ್ಲಿ ಒಂದು ಯೂನಿಟ್ ಕರೆಂಟ್ ತಯಾರಾಗುವಾಗ ಭೂಮಿಯ ಬಿಸಿ ಏರಿಸುವ ಕಾರ್ಬನ್ ಡೈಆಕ್ಸೈಡ್ ಅನಿಲ ಸರಾಸರಿ 700 ಗ್ರಾಂ ಗಾಳಿಗೆ ಸೇರುತ್ತದೆ. ಕಾರಣ ಗೊತ್ತೇ ಇದೆ, ಇವತ್ತಿಗೂ ನಮ್ಮ ಕರೆಂಟಿನಲ್ಲಿ ದೊಡ್ಡ ಪಾಲು ಕಲ್ಲಿದ್ದಲಿನದು. ನಿಮ್ಮ ಅಡುಗೆಮನೆಯ 9 ವ್ಯಾಟ್ ಎಲ್‌ಇಡಿ ಬಲ್ಬ್ ದಿನಕ್ಕೆ 5 ಗಂಟೆ ಉರಿದರೂ ತಿಂಗಳಿಗೆ ಒಂದೂಕಾಲು, ಒಂದೂವರೆ ಯೂನಿಟ್ ಅಷ್ಟೆ. ತೂಕದಲ್ಲಿ ಒಂದು ಕಿಲೋ. ಮೊಬೈಲ್ ಚಾರ್ಜರ್ ಅದಕ್ಕಿಂತ ಹಗುರ.

ಈಗ ತೋಟಕ್ಕೆ ಬನ್ನಿ. ಎರಡು ಎಕರೆ ತೆಂಗು, 5 ಎಚ್‌ಪಿ ಮೋಟಾರು ಎಂದು ಬರೆದಿದ್ದೀರಿ. ಆ ಮೋಟಾರು 6 ಗಂಟೆ ಓಡಿದರೆ 22 ಯೂನಿಟ್. ತೂಕದಲ್ಲಿ 15 ಕಿಲೋ. ಅಂದರೆ ಮೋಟಾರಿನ ಒಂದು ದಿನ ನಿಮ್ಮ ಬಲ್ಬಿನ 15 ತಿಂಗಳಿಗೆ ಸಮ! ಪಂಪ್‌ಸೆಟ್ ಕರೆಂಟಿಗೆ ಬಿಲ್ ಬರುವುದಿಲ್ಲ, ಅದಕ್ಕೇ ಇದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಮನೆಯ ಕರೆಂಟಿನ ಕಥೆಯೂ ಅಷ್ಟೆ. 2023ರಿಂದ 200 ಯೂನಿಟ್ ಒಳಗೆ ಬಳಸುವ ಬಹಳಷ್ಟು ಮನೆಗಳಿಗೆ ಸೊನ್ನೆ ಬಿಲ್ ಬರುತ್ತಿದೆ. ಬಡವರ ಮನೆಗೆ ಅದು ದೊಡ್ಡ ಆಸರೆ, ಬೇಡ ಎನ್ನಲಾರೆ. ಆದರೆ ಬಿಲ್ ಸೊನ್ನೆ ಬಂತು ಅಂತ ಅಲ್ಲಿ ಕಲ್ಲಿದ್ದಲು ಉರಿಯುವುದು ನಿಲ್ಲುವುದಿಲ್ಲ.

ನಿಮ್ಮ ಮೋಟಾರಿಗೆ ಆಟೋ ಸ್ಟಾರ್ಟರ್ ಇದೆಯಾ ಟೀಚರ್? ಕರೆಂಟ್ ಬಂದ ಕೂಡಲೇ ತಾನಾಗೇ ಆನ್ ಆಗುವ ಡಬ್ಬಿ. ರಾತ್ರಿ ಎದ್ದು ತೋಟಕ್ಕೆ ಓಡುವುದು ತಪ್ಪಿತು ಅಂತ ರೈತರು ಅದನ್ನು ಹಾಕಿಸಿಕೊಂಡರು. ಆ ಕಷ್ಟ ನಿಜವಾದದ್ದು. ಆದರೆ ಜೋರು ಮಳೆಯಲ್ಲೂ ಮೋಟಾರು ಓಡುತ್ತಾ, ನೆನೆದ ಪಾತಿಗೇ ಮತ್ತೆ ನೀರು ಹರಿಯುವುದನ್ನು ನಾನು ಎಷ್ಟೋ ತೋಟಗಳಲ್ಲಿ ನೋಡಿದ್ದೇನೆ. ನಿಮ್ಮ ಮನೆಯಲ್ಲಿ ಅತಿ ಭಾರದ ಸ್ವಿಚ್ ಅದು.

ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಅರಸೀಕೆರೆ ಕಡೆ ಒಬ್ಬ ರೈತರ ತೋಟಕ್ಕೆ ಹೋಗಿದ್ದೆ. ಪಕ್ಕದ ತೋಟದವರು ಗರಿ, ಕಾಯಿ ಸುಲಿದ ಮಟ್ಟೆ ಎಲ್ಲ ಗುಡ್ಡೆ ಹಾಕಿ ಬೆಂಕಿ ಕೊಟ್ಟಿದ್ದರು. ಇವರ ತೋಟದಲ್ಲಿ ಮಾತ್ರ ಕಾಲಿಟ್ಟಲ್ಲೆಲ್ಲ ಮಟ್ಟೆ. ಮರಗಳ ಸಾಲಿನ ಮಧ್ಯೆ ಮೊಣಕಾಲುದ್ದದ ಗುಂಡಿ ತೆಗೆದು, ಮಟ್ಟೆಯನ್ನು ಬೋರಲಾಗಿಯಲ್ಲ, ಬಟ್ಟಲಿನ ಹಾಗೆ ಮೇಲ್ಮುಖ ಮಾಡಿ ಜೋಡಿಸಿ, ಮೇಲೆ ಗರಿ ಮುಚ್ಚಿದ್ದರು. ಬಗ್ಗಿ ಒಂದು ಮಟ್ಟೆ ಎತ್ತಿದೆ. ಹೊರಗೆ ಕಣ್ಣು ಬಿಡಲಾಗದ ಬಿಸಿಲು. ಮಟ್ಟೆಯ ಅಡಿಯಲ್ಲಿ ಮಣ್ಣು ಕಪ್ಪಗೆ, ತಣ್ಣಗೆ, ಉಂಡೆ ಕಟ್ಟಲು ಬರುವಂತಿತ್ತು. ಎರೆಹುಳ ಬೆಳಕು ಕಂಡು ಸರಕ್ಕನೆ ಒಳಗೆ ಸರಿಯಿತು. "ಮುಂಚೆ ಮೂರು ದಿನಕ್ಕೊಮ್ಮೆ ನೀರು ಬಿಡ್ತಿದ್ದೆ ಸಾರ್, ಈಗ ವಾರಕ್ಕೊಮ್ಮೆ" ಎಂದರು. ಹವಾಮಾನದ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಬೋರ್‌ವೆಲ್ ಬತ್ತಬಾರದು ಎನ್ನುವುದೊಂದೇ ಅವರ ಚಿಂತೆ. ಆದರೆ ಮೋಟಾರು ಓಡುವುದು ಅರ್ಧಕ್ಕಿಂತ ಕಡಿಮೆಯಾಗಿತ್ತು, ಹೊಗೆಯಾಗಿ ಹೋಗಬೇಕಿದ್ದ ಮಟ್ಟೆ ಮಣ್ಣಿನಲ್ಲೇ ಉಳಿದಿತ್ತು. ನೀವು ಮನೆ ಮಟ್ಟದಲ್ಲಿ ಒಂದೇ ಒಂದು ಕೆಲಸ ಮಾಡುವುದಾದರೆ ಇದನ್ನು ಮಾಡಿ. ಬರ ಬಂದರೆ ಕಾಯುವುದೂ ಇದೇ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದವು. ಮಾರನೇ ಬೇಸಿಗೆಯಲ್ಲಿ ಬೆಂಗಳೂರಿನವರು ಟ್ಯಾಂಕರ್ ಹಿಂದೆ ಓಡಿದರು. ಅಂಥ ವರ್ಷ ಇನ್ನು ಬರುವುದೇ ಇಲ್ಲ ಎಂದು ಹೇಳುವ ಧೈರ್ಯ ಯಾರಿಗೂ ಇಲ್ಲ.

ಒಂದು ಮಾತು ಸೇರಿಸಬೇಕು. ಎಲ್ಲ ಹೊತ್ತಿನ ಯೂನಿಟ್‌ಗೂ ಒಂದೇ ತೂಕವಲ್ಲ. ನಿಮ್ಮದೇ ಜಿಲ್ಲೆಯ ಪಾವಗಡದಲ್ಲಿ ರೈತರು ಗುತ್ತಿಗೆಗೆ ಕೊಟ್ಟ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕ್ ಇದೆ. ಬಿಸಿಲಿರುವಾಗ ಅದರ ಕರೆಂಟ್ ಹರಿಯುತ್ತದೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಅದು ಮಲಗುತ್ತದೆ. ಆಗ ಎಲ್ಲರ ಮನೆಯಲ್ಲೂ ಬಳಕೆ ಜಾಸ್ತಿ, ಕಲ್ಲಿದ್ದಲಿನ ಮೇಲೆ ಹೊರೆ ಬೀಳುತ್ತದೆ. ಹಾಗಾಗಿ ದೋಸೆಗೆ ರುಬ್ಬುವುದು, ಇಸ್ತ್ರಿ, ವಾಷಿಂಗ್ ಮಷಿನ್, ಓವರ್‌ಹೆಡ್ ಟ್ಯಾಂಕಿಗೆ ನೀರು ಏರಿಸುವುದು ಎಲ್ಲ ಬಿಸಿಲಿರುವಾಗಲೇ ಮುಗಿಸಿ. ದುಡ್ಡು ಖರ್ಚಿಲ್ಲ, ಹೊತ್ತು ಬದಲಾಯಿಸಿದರೆ ಸಾಕು.

ಮಗನ ವಿಷಯ. ಬೆಂಗಳೂರಿನಿಂದ ತಿಪಟೂರಿಗೆ ಸುಮಾರು 140 ಕಿಲೋಮೀಟರ್. ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರಾದರೆ ಹೋಗಿ ಬರಲು 18, 19 ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ 2.3 ಕಿಲೋದಂತೆ 43 ಕಿಲೋ. ನಿಮ್ಮ ಮನೆಯ ಒಂದು ಗ್ಯಾಸ್ ಸಿಲಿಂಡರ್ ಪೂರ್ತಿ ಉರಿದರೂ ಹೆಚ್ಚುಕಮ್ಮಿ ಇಷ್ಟೇ ಬರುತ್ತದೆ. ನೀವು ತಿಂಗಳುಗಟ್ಟಲೆ ಅಡುಗೆ ಮಾಡುವುದೂ ಅವರು ಒಂದು ಸಲ ಒಬ್ಬರೇ ಬಂದು ಹೋಗುವುದೂ ಒಂದೇ ತೂಕ. ಬೈಯಬೇಡಿ. ತಾಯಿಯನ್ನು ನೋಡಲು ಬರುವ ಮಗ, ಬರಲಿ. ತಿಪಟೂರಿಗೆ ರೈಲಿದೆ. ಬಸ್ಸಿದೆ, ಸೊಸೆ ಜೊತೆಗೆ ಬಂದರೆ ಅವರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡೂ ಇಲ್ಲ. ಕಾರೇ ಬೇಕು ಅಂದರೆ ಅದೇ ಕಡೆಯ ಇನ್ನು ಮೂವರನ್ನು ಕೂರಿಸಿಕೊಂಡು ಬರಲಿ. ಅವರ ಬೆಂಗಳೂರಿನ ಮನೆಯಲ್ಲಿ ನೋಡಬೇಕಾದ್ದು ಗೀಸರ್ ಮತ್ತು ಫ್ಯಾನ್. 2 ಕಿಲೋವ್ಯಾಟ್ ಗೀಸರ್ ದಿನಕ್ಕೆ ಅರ್ಧ ಗಂಟೆ ಉರಿದರೆ ತಿಂಗಳಿಗೆ 30 ಯೂನಿಟ್. ತಾರಸಿಯಲ್ಲಿ ಸೋಲಾರ್ ಹೀಟರ್ ಇದ್ದರೆ ವರ್ಷದ ಹೆಚ್ಚು ದಿನ ಗೀಸರ್ ಬೇಕಾಗುವುದಿಲ್ಲ. ಹಳೆಯ ಫ್ಯಾನ್ 75 ವ್ಯಾಟ್ ತಿಂದರೆ ಹೊಸ ಬಿಎಲ್‌ಡಿಸಿ ಫ್ಯಾನ್ 30 ವ್ಯಾಟ್‌ನಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ಸ್ವಂತ ತಾರಸಿ ಇದ್ದರೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಲು 2024ರಲ್ಲಿ ಶುರುವಾದ ಕೇಂದ್ರದ ಯೋಜನೆಯಲ್ಲಿ 78,000 ರೂಪಾಯಿವರೆಗೆ ಸಹಾಯಧನ ಇಟ್ಟಿದ್ದಾರೆ.

ಬಟ್ಟೆ ಚೀಲ ಬಿಡಬೇಡಿ. ಚರಂಡಿ ಕಟ್ಟಿಕೊಳ್ಳುವುದಿಲ್ಲ, ಹಸುವಿನ ಹೊಟ್ಟೆಗೆ ಪ್ಲಾಸ್ಟಿಕ್ ಹೋಗುವುದಿಲ್ಲ. ಆದರೆ ಬಿಸಿಲು ಏರುವುದಕ್ಕೂ ಅದಕ್ಕೂ ನಂಟು ಕಡಿಮೆ. ಗಿಡ ನೆಡುವುದು ಒಳ್ಳೆಯದು, ಇರುವ ಹೊಂಗೆ ಮರವನ್ನು ಉಳಿಸಿಕೊಳ್ಳುವುದು ಇನ್ನೂ ಒಳ್ಳೆಯದು. ಮುದ್ದೆ ಉಣ್ಣುವ ಮನೆ ನಿಮ್ಮದು, ಊಟದಲ್ಲಿ ನಾನು ಹೇಳುವುದೇನೂ ಇಲ್ಲ. ನೀರು ನಿಂತ ಗದ್ದೆಯ ಭತ್ತದ ಹಾಗೆ ರಾಗಿ ಹೊಲದಿಂದ ಮೀಥೇನ್ ಎನ್ನುವ, ಭೂಮಿಯ ಬಿಸಿ ಏರಿಸುವ ಇನ್ನೊಂದು ಅನಿಲ ಏಳುವುದಿಲ್ಲ.

ಇನ್ನು ನಿಮ್ಮ ಮನಸ್ಸಿನ ನಿಜವಾದ ನೋವಿಗೆ ಬರುತ್ತೇನೆ. ಹೊಗೆ ಬಿಡುವವರು ಯಾರೋ, ಅನುಭವಿಸುವವರು ಯಾರೋ, ನಾನೇಕೆ ಲೆಕ್ಕ ಕೊಡಬೇಕು ಅಂತ ತಾನೇ? ಈ ಸಿಟ್ಟು ನ್ಯಾಯವಾದದ್ದು. ಒಬ್ಬ ಭಾರತೀಯರ ಪಾಲಿಗೆ ವರ್ಷಕ್ಕೆ ಸುಮಾರು 2 ಟನ್ ಕಾರ್ಬನ್ ಡೈಆಕ್ಸೈಡ್ ಬರುತ್ತದೆ. ಅಮೆರಿಕದಲ್ಲಿ ಅದು 14 ಟನ್ ಹತ್ತಿರ. ನಮ್ಮ 2 ಟನ್‌ನಲ್ಲೂ ನಿಮ್ಮದು, ವಿಮಾನದಲ್ಲಿ ಓಡಾಡುವವರದು ಒಂದೇ ಅಲ್ಲ. ಬೆಂಗಳೂರಿನಿಂದ ದೆಹಲಿಗೆ ಒಂದು ಸಲ ಹಾರಿದರೆ ಒಬ್ಬರ ಲೆಕ್ಕಕ್ಕೆ ನೂರು ಕಿಲೋಗಿಂತ ಜಾಸ್ತಿ ಬೀಳುತ್ತದೆ. ನಿಮ್ಮಿಂದ ತಪ್ಪಾಗಿದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಹನಿ ಹನಿ ಗೂಡಿದರೆ ಹಳ್ಳ ಅಂತೀವಿ. ಮಕ್ಕಳಿಗೆ ನೀವೇ ಎಷ್ಟೋ ಸಲ ಬರೆಸಿರುತ್ತೀರಿ. ಆ ಗಾದೆಯಲ್ಲಿ ನಾವು ಹನಿಯನ್ನು ಹಿಡಿದುಕೊಂಡು ‘ಗೂಡಿದರೆ’ ಎನ್ನುವುದನ್ನು ಬಿಟ್ಟಿದ್ದೇವೆ. ನೀವು ನಿಮ್ಮ ಅಡುಗೆಮನೆಯಲ್ಲಿ, ನಾನು ನನ್ನ ಆಫೀಸಿನಲ್ಲಿ ಬೇರೆ ಬೇರೆಯಾಗಿ ಬಲ್ಬ್ ಆರಿಸಿದರೆ ಹನಿ ಇದ್ದಲ್ಲೇ ಇಂಗಿ ಹೋಗುತ್ತದೆ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿ ಸುತ್ತಿನವರು ಮನೆಯಲ್ಲಿ ಕೂತು ಸೌದೆ ಉಳಿಸಿದ್ದರೆ ಕಾಡು ಉಳಿಯುತ್ತಿತ್ತಾ? ಅವರು ಕಾಡಿಗೆ ನಡೆದರು, ಕೊಡಲಿ ಹಿಡಿದು ಬಂದವರ ಎದುರು ಮರ ಅಪ್ಪಿ ನಿಂತರು. ಅಪ್ಪಿಕೋ ಚಳವಳಿ ಶುರುವಾದದ್ದು ಹಾಗೆ. ಮೊನ್ನೆ ಮೊನ್ನೆಯದೂ ಇದೆ. 2016ರ ಅಕ್ಟೋಬರ್‌ನಲ್ಲಿ ಬೆಂಗಳೂರಿನಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದ ತನಕ ಉಕ್ಕಿನ ಮೇಲ್ಸೇತುವೆ ಬರುವುದಿತ್ತು. ನೂರಾರು ಮರ ಹೋಗುತ್ತಿತ್ತು. ಒಂದು ಭಾನುವಾರ ಸಾವಿರಾರು ಜನ ರಸ್ತೆ ಬದಿಯಲ್ಲಿ ಕೈ ಕೈ ಹಿಡಿದು ನಿಂತರು. ಮಾರನೇ ವರ್ಷ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ಅಲ್ಲಿ ನಿಂತವರಲ್ಲಿ ಬಹಳ ಜನ ಅದಕ್ಕೆ ಮುಂಚೆ ಯಾವ ಹೋರಾಟಕ್ಕೂ ಹೋದವರಲ್ಲ. ನನ್ನ ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು ಮಗುವಿನ ತಿಂಡಿ ಡಬ್ಬಿ ಹಿಡಿದುಕೊಂಡೇ ಬಂದಿದ್ದರು.

ಅದಕ್ಕೇ ನಿಮ್ಮ ಪತ್ರದ ಆ ಬೀದಿ ದೀಪ ನನ್ನ ತಲೆಯಿಂದ ಹೋಗಲಿಲ್ಲ. ನೀವು ಅದನ್ನು ಬೇಜಾರಿಗೆ ಬರೆದಿರಿ. ನನಗೆ ಅದೇ ನಿಮ್ಮ ಕೆಲಸ ಅನ್ನಿಸಿತು. ಊರಲ್ಲಿ 40 ಕಂಬ, ಕಂಬಕ್ಕೊಂದು 20 ವ್ಯಾಟ್ ದೀಪ ಎಂದಿಟ್ಟುಕೊಳ್ಳಿ. ಹಗಲು 12 ಗಂಟೆ ಸುಮ್ನೆ ಉರಿದರೆ ವರ್ಷಕ್ಕೆ 3,500 ಯೂನಿಟ್. ತೂಕದಲ್ಲಿ ಎರಡೂವರೆ ಟನ್ ಹತ್ತಿರ, ಒಬ್ಬ ಭಾರತೀಯರ ಇಡೀ ವರ್ಷದ ಪಾಲಿಗಿಂತ ಜಾಸ್ತಿ. ನಿಮ್ಮ ಅಡುಗೆಮನೆ ಬಲ್ಬ್ ಇಷ್ಟು ಹೊಗೆ ಬಿಡಬೇಕಾದರೆ 200 ವರ್ಷ ಉರಿಯಬೇಕು. ಹಗಲಿನ ಸೋಲಾರ್ ಕರೆಂಟಿನ ಲೆಕ್ಕಕ್ಕೆ ಅರ್ಧ ಕಳೆದರೂ 100 ವರ್ಷ! ಜೊತೆಗೆ ಆ ಬಿಲ್ ಕಟ್ಟುವುದು ಪಂಚಾಯಿತಿ, ಅಂದರೆ ನಿಮ್ಮ ಊರಿನ ಕಂದಾಯದ ದುಡ್ಡು.

ಯಾರದೋ ಸೋಮಾರಿತನ ಎಂದು ತಿಳಿಯಬೇಡಿ. ಎಷ್ಟೋ ಊರುಗಳಲ್ಲಿ ಬೀದಿ ದೀಪಕ್ಕೆ ಸ್ವಿಚ್ಚೇ ಇರುವುದಿಲ್ಲ. ದೀಪಗಳಿಗೆ ಬೇರೆ ತಂತಿ ಎಳೆದಿರುವುದಿಲ್ಲ, ಮನೆಗಳಿಗೆ ಹೋಗುವ ಲೈನಿಗೇ ನೇರ ಸಿಕ್ಕಿಸಿರುತ್ತಾರೆ. ಆರಿಸಬೇಕು ಅಂದರೂ ನೀರುಗಂಟಿಗೆ ಆಗುವುದಿಲ್ಲ. ಬೇರೆ ತಂತಿ ಎಳೆದು ಒಂದು ಟೈಮರ್ ಸ್ವಿಚ್ ಹಾಕಬೇಕು, ಇಲ್ಲವೇ ಬೆಳಕು ಹರಿದರೆ ತಾನೇ ಆರುವ ಸೆನ್ಸರ್ ದೀಪ ಹಾಕಬೇಕು. ಬೀದಿ ದೀಪ ಪಂಚಾಯಿತಿಯ ಹೊಣೆ. ವರ್ಷಕ್ಕೆ ಎರಡು ಸಲವಾದರೂ ಗ್ರಾಮಸಭೆ ನಡೆಯಲೇಬೇಕು, ಅಲ್ಲಿ ಕೇಳುವ ಹಕ್ಕು ನಿಮಗಿದೆ.

ಹೀಗೆ ಮಾಡಿ. ನಾಳೆ ಬೆಳಗ್ಗೆ 11 ಗಂಟೆಗೆ, ಬಿಸಿಲು ಚೆನ್ನಾಗಿರುವಾಗ, ಒಂದು ನೋಟ್‌ಬುಕ್ ಹಿಡಿದು ಊರು ಸುತ್ತಿ. ಉರಿಯುತ್ತಿರುವ ಕಂಬ ಎಷ್ಟು, ಯಾವ ಬೀದಿಯಲ್ಲಿ, ಬರೆದುಕೊಳ್ಳಿ. ನಿಮ್ಮ ಹಳೆಯ ವಿದ್ಯಾರ್ಥಿಗಳು ಊರಲ್ಲಿ ಇದ್ದೇ ಇರುತ್ತಾರೆ, ಇಬ್ಬರನ್ನು ಕರೆದುಕೊಳ್ಳಿ. ಟೀಚರ್ ಕರೆದರೆ ಇಲ್ಲ ಅನ್ನುವುದಿಲ್ಲ. ಅರ್ಜಿ ಒಂದು ಪುಟ ಸಾಕು. ಮೇಲೆ ಕಂಬದ ಲೆಕ್ಕ, ಕೆಳಗೆ ವರ್ಷಕ್ಕೆ ಎಷ್ಟು ಯೂನಿಟ್ ವ್ಯರ್ಥ ಎನ್ನುವ ಲೆಕ್ಕ, ಕೊನೆಗೆ ಸ್ವಿಚ್ ಹಾಕಿಸಿ ಎನ್ನುವ ಕೋರಿಕೆ. ಸ್ತ್ರೀಶಕ್ತಿ ಸಂಘದವರ ಸಹಿ ಹಾಕಿಸಿ. ಪಿಡಿಒ ಕೈಗೆ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಂಡು ಬನ್ನಿ. ಗ್ರಾಮಸಭೆಯ ದಿನ ಅದೇ ಪ್ರತಿ ಹಿಡಿದು ಎದ್ದು ನಿಂತು ಕೇಳಿ, ನಡಾವಳಿ ಪುಸ್ತಕದಲ್ಲಿ ಬರೆದರಾ ಅಂತ ನೋಡಿಯೇ ಕೂತುಕೊಳ್ಳಿ. ಮೊದಲ ಸಲಕ್ಕೆ ಆಗದೇ ಇರಬಹುದು. ಅಂದಾಜು ಪಟ್ಟಿ ಆಗಬೇಕು, ಅನುದಾನ ಬರಬೇಕು, ಲೈನ್‌ಮನ್ ಬರಬೇಕು ಅನ್ನುತ್ತಾರೆ. ಮುಂದಿನ ಸಭೆಗೂ ಅದೇ ಪ್ರತಿ ಒಯ್ಯಿರಿ.

ಆ ಬಲ್ಬನ್ನು ಎಂದಿನಂತೆ ಆರಿಸಿಯೇ ಮನೆಯಿಂದ ಹೊರಡಿ. ಎಣಿಸಿದ ಮೇಲೆ ಕಂಬ ಎಷ್ಟಾಯಿತು ಅಂತ ನನಗೊಂದು ಕಾರ್ಡ್ ಹಾಕಿ. ನಿಮ್ಮ ಲೆಕ್ಕವನ್ನು ಊರಿನ ಹೆಸರಿಲ್ಲದೆ ಇದೇ ಪುಟದಲ್ಲಿ ಹಾಕುತ್ತೇನೆ. ಬೇರೆ ಊರಿನ ಓದುಗರೂ ತಮ್ಮ ಕಂಬ ಎಣಿಸಿ ಕಳಿಸಲಿ, ಅವುಗಳನ್ನೂ ಪಕ್ಕದಲ್ಲೇ ಹಾಕೋಣ.

ನಿಮ್ಮ,
ಸಂಪಾದಕ