ಊರಿಗೆ ಗೊತ್ತಾದರೆ ಏನು ಮಾಡಲಿ?

ಪ್ರಶ್ನೆ: ನಾನು ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳದ ಹತ್ತಿರದವನು. ವಯಸ್ಸು 39, ಪಿಕಪ್ ಓಡಿಸುತ್ತೇನೆ. ಮಂಗಳೂರಿನ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು ಕುಡಿತ ಬಿಟ್ಟು ಎರಡು ತಿಂಗಳಾಗುತ್ತಾ ಬಂತು. ಆದರೆ ಸಂಜೆ ಆರೂವರೆ ಆಯಿತೆಂದರೆ ತಲೆಯಲ್ಲಿ ಅದೊಂದೇ. ಯಾವುದಾದರೂ ಗುಂಪಿಗೆ ಸೇರಿಕೊಳ್ಳಿ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಕಾಸರಗೋಡು ಕಡೆ ಹೋದರೆ ಎಲ್ಲಾ ಮಲಯಾಳ. ಬಾಡಿಗೆ ಮಾತಾಡುವಷ್ಟು ಬರುತ್ತದೆ, ಮನಸ್ಸಿನದ್ದು ಹೇಳುವಷ್ಟು ಬರುವುದಿಲ್ಲ. ನಮ್ಮೂರಲ್ಲೇ ಕುಡಿತ ಬಿಟ್ಟವರ ನವಜೀವನ ಸಮಿತಿ ಇದೆ. ಆದರೆ ಅಲ್ಲಿ ಎಲ್ಲರೂ ಗುರುತಿನವರು. ಮಗಳು ಹೈಸ್ಕೂಲಲ್ಲಿದ್ದಾಳೆ, ಊರಿಗೆ ಗೊತ್ತಾದರೆ? ಬರುವ ತಿಂಗಳು ಹೆಂಡತಿಯ ತಮ್ಮನ ಮದುವೆ ಬೇರೆ ಇದೆ.

ಉತ್ತರ: ಬೇಜಾರು ಮಾಡಿಕೊಳ್ಳಬೇಡಿ, ನೇರವಾಗಿ ಕೇಳುತ್ತೇನೆ. ನೀವು ಕುಡಿಯುತ್ತಿದ್ದದ್ದು ಊರಿಗೆ ಗೊತ್ತಿರಲಿಲ್ಲವೇ? ಪಿಕಪ್ ಎಲ್ಲಿ ನಿಂತಿದೆ ಎಂದು ನೋಡಿದರೆ ಸಾಕಲ್ವಾ? ಒಂದನೇ ತಾರೀಖು ಕೇರಳದಲ್ಲಿ ಮದ್ಯದಂಗಡಿ ಬಾಗಿಲು ಮುಚ್ಚಿರುವಾಗ ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋದವರನ್ನೂ ಯಾರಾದರೂ ನೋಡಿಯೇ ಇರುತ್ತಾರೆ. ಊರಿಗೆ ಗೊತ್ತಿಲ್ಲದ್ದು ಒಂದೇ, ನೀವು ಬಿಟ್ಟಿದ್ದೀರಿ ಅನ್ನುವುದು. ಅದನ್ನು ಮುಚ್ಚಿಟ್ಟರೆ ನಷ್ಟ ನಿಮಗೇ. ಗೊತ್ತಿಲ್ಲದವನು 'ಬಾ ಮಾರಾಯಾ, ಒಂದು ಹಾಕುವಾ' ಅನ್ನುತ್ತಲೇ ಇರುತ್ತಾನೆ.

ಭಾಷೆಯ ವಿಷಯದಲ್ಲಿ ಮಾತ್ರ ನಿಮ್ಮ ಮಾತು ಸರಿ. ಡಾಕ್ಟರ ಹತ್ತಿರ ಹರಕುಮುರುಕು ಮಲಯಾಳದಲ್ಲಿ ಸುಧಾರಿಸಬಹುದು, ಹತ್ತು ಜನರ ನಡುವೆ ಕೂತು ಹೆಂಡತಿಯ ಸರ ಅಡವಿಟ್ಟ ಕಥೆ ಹೇಳಲು ಆಗುವುದಿಲ್ಲ. ಕೇರಳ ಅಬಕಾರಿ ಇಲಾಖೆಯ 'ವಿಮುಕ್ತಿ' ಯೋಜನೆಯ ಚಿಕಿತ್ಸಾ ಕೇಂದ್ರ ನಿಮ್ಮ ಜಿಲ್ಲೆಯಲ್ಲಿ ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿದೆ. ಉಪ್ಪಳದಿಂದ ದೂರವಾಯಿತು. ಆದರೂ ಅವರ 14405 ಸಂಖ್ಯೆ ಫೋನಿನಲ್ಲಿರಲಿ.

ಗುಂಪು ಎಂದರೆ ಏನು ಎಂಬ ಬಗ್ಗೆಯೂ ನಿಮಗೆ ಅನುಮಾನ ಇದ್ದಂತಿದೆ. ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎಎ, ಶುರುವಾದದ್ದು 1935ರಲ್ಲಿ, ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿದ್ದ ಬಿಲ್ ಎಂಬ ಶೇರು ವ್ಯವಹಾರದವರು ವ್ಯಾಪಾರದ ಕೆಲಸಕ್ಕೆ ಅಲ್ಲಿಗೆ ಹೋಗಿದ್ದರು. ಕೆಲಸ ಕೆಟ್ಟಿತು. ಹೋಟೆಲಿನ ಬಾರಿನಿಂದ ನಗು ಕೇಳಿಸುತ್ತಿತ್ತು. ಅವರು ಬಾರಿಗೆ ಹೋಗದೆ ಚರ್ಚುಗಳಿಗೆ ಫೋನ್ ಹಚ್ಚಿದರು. ಕೇಳಿದ್ದು ಬುದ್ಧಿಮಾತನ್ನಲ್ಲ, ಮಾತಾಡಲು ಇನ್ನೊಬ್ಬ ಕುಡುಕ ಸಿಗುತ್ತಾನಾ ಎಂದು. ಹಾಗೆ ಸಿಕ್ಕಿದವರು ಬಾಬ್ ಎಂಬ ಡಾಕ್ಟರು. ನಿಮ್ಮ ಆರೂವರೆಗೂ ಬೇಕಾಗಿರುವುದು ಇದೇ. ಎಎಯಲ್ಲಿ ಶುಲ್ಕವಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ. ಕುಡಿತ ಬಿಡಬೇಕು ಎಂಬ ಆಸೆ ಇದ್ದರೆ ಸಾಕು. ಮೊದಲ ದಿನ ಸುಮ್ನೆ ಕೂತು ಕೇಳಿ ಬಂದರೂ ಯಾರೂ ಏನೂ ಅನ್ನುವುದಿಲ್ಲ.

ಮಂಗಳೂರಿನಲ್ಲಿ ಎಎ ಗುಂಪುಗಳಿವೆ. ಕನ್ನಡದ್ದು ಯಾವುದು, ಯಾವ ದಿನ ಎಂದು ಚಿಕಿತ್ಸೆ ಕೊಟ್ಟ ಆಸ್ಪತ್ರೆಯಲ್ಲೇ ವಿಚಾರಿಸಿ. ಉಪ್ಪಳದಿಂದ ರೈಲು ಇದೆ. ಅಲ್ಲಿ ನಿಮ್ಮ ಮುಖ ಯಾರಿಗೂ ಗೊತ್ತಿರುವುದಿಲ್ಲ, ನಾಚಿಕೆ ಹೋಗುವವರೆಗೆ ಅಲ್ಲಿಗೆ ಹೋಗಿ.

ಆದರೆ ನನ್ನನ್ನು ಕೇಳಿದರೆ ನಿಮ್ಮನ್ನು ಉಳಿಸುವುದು ಊರಿನ ಸಮಿತಿಯೇ. ಯಾಕೆಂದರೆ ಆಸೆ ವಾರದ ಮೀಟಿಂಗ್ ದಿನ ನೋಡಿಕೊಂಡು ಬರುವುದಿಲ್ಲ. ಮಂಗಳವಾರ ಸಂಜೆ ಕೈ ನಡುಗಿದರೆ ಮಂಗಳೂರಿನವರು ಫೋನಲ್ಲಿ ಮಾತಾಡಿಯಾರು, ಬೈಕ್ ಹತ್ತಿ ಹತ್ತು ನಿಮಿಷದಲ್ಲಿ ಬರುವವನು ಪಕ್ಕದ ಮನೆಯವನೇ. ನವಜೀವನ ಸಮಿತಿಯವರು ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ ಮುಗಿಸಿದವರು. ಎಂಟು ದಿನದ ಶಿಬಿರ ಸುಲಭ, ಆಮೇಲಿನದ್ದು ಕಷ್ಟ ಎಂದು ತಿಳಿದೇ ಈ ಸಮಿತಿಗಳನ್ನು ಮಾಡಿದ್ದಾರೆ. ನೂರು ದಿನ ದಾಟಿದವರಿಗೆ ಶತದಿನೋತ್ಸವವನ್ನೂ ಮಾಡುತ್ತಾರೆ. ನೀವು ಶಿಬಿರಕ್ಕೆ ಹೋಗಿಲ್ಲ, ಹಾಗಾಗಿ ಸೇರಿಸಿಕೊಳ್ಳುತ್ತಾರಾ ಎಂದು ನಿಮ್ಮೂರಿನಲ್ಲಿ ಯೋಜನೆಯ ಕೆಲಸ ನೋಡಿಕೊಳ್ಳುವ ಸೇವಾಪ್ರತಿನಿಧಿಯ ಹತ್ತಿರ ಕೇಳಿ. ಭಜನೆ, ಪ್ರಾರ್ಥನೆ ನಿಮಗೆ ಒಗ್ಗದಿದ್ದರೆ ಅಷ್ಟು ಹೊತ್ತು ಕೈಕಟ್ಟಿ ಕೂರಿ, ಆಮೇಲಿನ ಮಾತುಕತೆಗೆ ಕಿವಿ ಕೊಡಿ. ಮೊದಲ ದಿನವೇ ಇಬ್ಬರ ನಂಬರ್ ತಗೊಂಡು ಬನ್ನಿ. ಮಗಳ ಚಿಂತೆ ಬಿಡಿ, ಅಪ್ಪ ಕುಡಿಯುತ್ತಿದ್ದ ದಿನಗಳಲ್ಲಿ ಅವಳು ಶಾಲೆಯಲ್ಲಿ ಕೇಳಿದ್ದು ಇದಕ್ಕಿಂತ ಜಾಸ್ತಿ ಇರುತ್ತದೆ.

ಮದುವೆಗೆ ಹೋಗಿ. ಹಿಂದಿನ ರಾತ್ರಿಯ ಮೆಹಂದಿಗೆ ಮಾತ್ರ ಬೇಡ. ನಮ್ಮ ಕಡೆ ಮೆಹಂದಿ ಎಂದರೆ ಅಂಗಳದಲ್ಲಿ ಡಿಜೆ, ಮನೆಯ ಹಿಂದೆ ಬಾಟಲಿ, ಗೊತ್ತಲ್ಲ. ಭಾವ ಎಂದ ಮೇಲೆ ಒತ್ತಾಯವೂ ಜಾಸ್ತಿ. ಈಗಲೇ ಹೆಂಡತಿಯ ಮೂಲಕ ಭಾವಮೈದನಿಗೆ ವಿಷಯ ತಿಳಿಸಿಬಿಡಿ. ಬೆಳಿಗ್ಗೆ ಹಾಲ್‌ಗೆ ಬೇಗ ಹೋಗಿ ಕೆಲಸ ವಹಿಸಿಕೊಳ್ಳಿ.

ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ಬರೆದುಕೊಟ್ಟಿದ್ದಾರಾ? ಹಾಗಿದ್ದರೆ ಒಂದು ಗುಟುಕೂ ಜೀವಕ್ಕೆ ಅಪಾಯ. ಊಟದಲ್ಲಿ ಗುಟ್ಟಾಗಿ ಬೆರೆಸುವ ಪುಡಿಗಳ ಜಾಹೀರಾತು ಮನೆಯವರ ಕಣ್ಣಿಗೆ ಬಿದ್ದರೆ ಅದರ ಗೊಡವೆಯೇ ಬೇಡ ಅನ್ನಿ.

ಒಂದು ವೇಳೆ ಜಾರಿ ಮತ್ತೆ ದಿನಾ ಕುಡಿಯುವಂತಾದರೆ ಮನೆಯಲ್ಲೇ ಹಠ ಹಿಡಿದು ಒಮ್ಮೆಲೇ ನಿಲ್ಲಿಸಬೇಡಿ. ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಿ ಬುದ್ಧಿ ಕದಡಬಹುದು. ಆಸ್ಪತ್ರೆಗೇ ಹೋಗಿ. ನಡುರಾತ್ರಿ ಯಾರೂ ಸಿಗದಿದ್ದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೂ ಮಾತಾಡಬಹುದು. ಮರುವಾರ ಮೀಟಿಂಗಿಗೂ ಹೋಗಿ, ಕುಡಿದದ್ದನ್ನು ಅಲ್ಲಿ ಹೇಳಿ. ಅಲ್ಲಿ ಕೂತವರಲ್ಲಿ ಜಾರಿ ಎದ್ದು ಬಂದವರು ಬೇಕಾದಷ್ಟು ಜನ ಇರುತ್ತಾರೆ.