ಬ್ರೌಸರ್ ಬೇಡವೆಂದ ಸೈಟ್, ಬೀಗ ತೋರಿಸಿದ ಸೈಟ್: ಯಾವುದನ್ನು ನಂಬಲಿ?

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಕಳೆದ ತಿಂಗಳು ಊರಿನ ಸೈಬರ್ ಸೆಂಟರ್‌ನಲ್ಲಿ ಸರ್ಕಾರಿ ಇಲಾಖೆಯೊಂದರ ಜಾಲತಾಣ ತೆರೆಸಿದಾಗ ‘ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ’ ಎಂಬ ಪುಟ ಬಂತು. ಕೆಳಗೆ ‘ಸರ್ಟ್ ಡೇಟ್ ಇನ್‌ವ್ಯಾಲಿಡ್’ ಎಂದಿತ್ತು. ಸೆಂಟರಿನ ಹುಡುಗ ‘ಸರ್ಕಾರದ್ದೇ ಅಲ್ವಾ ಸಾರ್, ಏನೂ ಆಗಲ್ಲ’ ಎಂದು ಅಡ್ವಾನ್ಸ್ಡ್ ಒತ್ತಿ ಒಳಗೆ ಹೋದ. ಮನೆಗೆ ಬಂದು ಮೊಬೈಲಿನಲ್ಲಿ ನೋಡಿದರೆ ಅದೇ ಸೈಟ್ ಸರಾಗವಾಗಿ ತೆರೆಯಿತು. ಮೊನ್ನೆ ‘ಪಾರ್ಸೆಲ್ ತಲುಪಿಸಲು ವಿಳಾಸ ಸರಿಪಡಿಸಿ’ ಎಂಬ ಮೆಸೇಜಿನ ಲಿಂಕ್ ಒತ್ತಿದೆ. ಬೀಗದ ಗುರುತು ಇದೆಯಲ್ಲ ಎಂದು ಕಾರ್ಡ್ ನಂಬರ್ ಕೊಟ್ಟೆ. ಮಗಳು ಅದು ಮೋಸ ಅನ್ನುತ್ತಾಳೆ. ಸರ್ಕಾರವನ್ನು ನಂಬಬೇಡ ಎನ್ನುವ ಬ್ರೌಸರ್ ಕಳ್ಳನಿಗೆ ಬೀಗ ಕೊಡುತ್ತದೆಯೇ?

ಉತ್ತರ: ಮೇಷ್ಟ್ರೇ, ಮೊದಲು ಕಾರ್ಡಿನ ಕೆಲಸ. ಇದನ್ನು ಓದುವುದು ನಿಲ್ಲಿಸಿ, ಕಾರ್ಡಿನ ಹಿಂಬದಿಯಲ್ಲಿರುವ ಸಂಖ್ಯೆಗೆ ಕರೆಮಾಡಿ ಬ್ಲಾಕ್ ಮಾಡಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ. ನಿಮ್ಮ ಮಗಳು ಹೇಳಿದ್ದು ಸರಿ.

ಇನ್ನು ಬೀಗದ ಮಾತು. ಅಂಕಪಟ್ಟಿಯ ನಕಲಿಗೆ ಗೆಜೆಟೆಡ್ ಅಧಿಕಾರಿಯಿಂದ ಸಹಿ ಹಾಕಿಸುತ್ತಿದ್ದೆವಲ್ಲ, ಅದನ್ನು ನೆನಪಿಸಿಕೊಳ್ಳಿ. ಆ ಸಹಿ ‘ಈ ನಕಲು ಮೂಲದಂತೆಯೇ ಇದೆ’ ಎನ್ನುತ್ತಿತ್ತೇ ಹೊರತು ‘ಈ ಹುಡುಗ ಒಳ್ಳೆಯವನು’ ಎನ್ನುತ್ತಿರಲಿಲ್ಲ. ಬೀಗದ ಹಿಂದಿರುವುದು ಜಾಲತಾಣದ ಪ್ರಮಾಣಪತ್ರ, ‘ಈ ವಿಳಾಸ ಇವರದೇ’ ಎನ್ನುವ ಡಿಜಿಟಲ್ ಪತ್ರ; ನೀವು ಕಂಡ ‘ಸರ್ಟ್’ ಇದೇ. ಅದೂ ಅಷ್ಟೇ. ಬ್ರೌಸರ್ ಮುಖ್ಯವಾಗಿ ಮೂರು ಸಂಗತಿ ನೋಡುತ್ತದೆ: ವಿಳಾಸದಲ್ಲಿರುವ ಹೆಸರೇ ಪತ್ರದಲ್ಲಿದೆಯೇ, ಅವಧಿ ಮುಗಿದಿಲ್ಲವೇ, ಸಹಿ ಹಾಕಿದವರು ತಾನು ನಂಬುವ ಪಟ್ಟಿಯಲ್ಲಿದ್ದಾರೆಯೇ. ಮಾಲೀಕ ಸಭ್ಯನೋ ಠಕ್ಕನೋ ಎಂಬುದು ಈ ತನಿಖೆಯಲ್ಲಿ ಇಲ್ಲವೇ ಇಲ್ಲ. 2015ರ ಕೊನೆಯಿಂದ ‘ಲೆಟ್ಸ್ ಎನ್‌ಕ್ರಿಪ್ಟ್’ ಎಂಬ ಸಂಸ್ಥೆ ಇಂಥ ಪತ್ರವನ್ನು ಎಲ್ಲರಿಗೂ ಉಚಿತವಾಗಿ ಕೊಡುತ್ತಿದೆ. ಅದು ಒಳ್ಳೆಯ ಕೆಲಸವೇ, ಆದರೆ ‘ಎಲ್ಲರಿಗೂ’ ಎಂದರೆ ಕಳ್ಳನಿಗೂ. ಅವನ ವಿಳಾಸ ಅವನದೇ ಆದ್ದರಿಂದ ಪತ್ರವೂ ಅಸಲಿಯೇ. ನಿಮ್ಮ ಕಾರ್ಡ್ ನಂಬರ್ ದಾರಿಯಲ್ಲಿ ಯಾರ ಕಣ್ಣಿಗೂ ಬೀಳದೆ ಭದ್ರವಾಗಿ ಕಳ್ಳನ ಕೈಸೇರಿದೆ! ಜನ ಬೀಗವನ್ನು ಹೀಗೆ ತಪ್ಪಾಗಿ ಓದುತ್ತಾರೆಂದೇ ಗೂಗಲ್ 2023ರಲ್ಲಿ ಕ್ರೋಮ್‌ನ ವಿಳಾಸದ ಸಾಲಿನಿಂದ ಅದನ್ನು ತೆಗೆದು ಬೇರೊಂದು ಚಿಹ್ನೆ ಇಟ್ಟಿತು. ಹಲವು ಬ್ರೌಸರುಗಳಲ್ಲಿ ಇನ್ನೂ ಇದೆ.

ಹಾಗಾದರೆ ಯಾರೆಂದು ತಿಳಿಯುವುದು ಹೇಗೆ? ವಿಳಾಸವನ್ನು ಬಲದಿಂದ ಎಡಕ್ಕೆ ಓದಿ. ಅಂಚೆ ವಿಳಾಸದಲ್ಲಿ ಊರು, ತಾಲ್ಲೂಕು ಆದಮೇಲೆ ಜಿಲ್ಲೆ ಬರುವ ಹಾಗೆ ಇಲ್ಲೂ ಯಜಮಾನ ಕೊನೆಯಲ್ಲಿರುತ್ತಾನೆ. ಆರಂಭದ ‘https://’ ಬಿಟ್ಟು, ಆಮೇಲಿನ ಮೊದಲ ಓರೆಗೆರೆಗೆ ಮುಂಚೆ ‘ಡಾಟ್ ಗವ್ ಡಾಟ್ ಇನ್’ (.gov.in) ಎಂದು ಚುಕ್ಕೆಸಮೇತ ಮುಗಿದರೆ ಅದು ಸರ್ಕಾರದ್ದು, ಆ ಹೆಸರನ್ನು ಖಾಸಗಿಯವರಿಗೆ ಕೊಡುವುದಿಲ್ಲ. ‘ಗವ್ ಡಾಟ್ ಇನ್’ ನಡುವೆ ಬಂದು ಕೊನೆಯಲ್ಲಿ ಬೇರೇನೋ ಇದ್ದರೆ ಅದು ಬೇರೇನೋ. ರಿಸರ್ವ್ ಬ್ಯಾಂಕ್ ಕೂಡ ಇದೇ ಕಾರಣಕ್ಕೆ, 2025ರ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬದಲಾಗಬೇಕೆಂದು ಬ್ಯಾಂಕುಗಳಿಗೆ ಹೇಳಿತು.

ಸರ್ಕಾರವನ್ನು ಪ್ರಶ್ನಿಸಲು ಬ್ರೌಸರ್ ಯಾರು ಎಂಬುದು ನಿಮ್ಮ ಪ್ರಶ್ನೆಯೊಳಗಿನ ನಿಜವಾದ ಮುಳ್ಳು. ನನಗೂ ಮೊದಲು ಹಾಗೇ ಅನ್ನಿಸುತ್ತಿತ್ತು. ಅಭಿಪ್ರಾಯ ಬದಲಾದದ್ದು 2014ರಲ್ಲಿ. ಆ ವರ್ಷ ಜುಲೈ 2ರಂದು, ಗೂಗಲ್‌ನ ಹಲವು ವಿಳಾಸಗಳಿಗೆ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದಿರುವುದು ಗೂಗಲ್‌ನ ಗಮನಕ್ಕೆ ಬಂತು. ಅವುಗಳ ಮೇಲಿದ್ದದ್ದು ನಮ್ಮದೇ ಎನ್‌ಐಸಿಯ, ಅಂದರೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಮಾಹಿತಿ ಕೇಂದ್ರದ ಸಹಿ. ಎನ್‌ಐಸಿಗೆ ಆ ಅಧಿಕಾರ ಕೊಟ್ಟಿದ್ದು ಕೇಂದ್ರ ಸರ್ಕಾರದ ಸಿಸಿಎ, ಅಂದರೆ ಪ್ರಮಾಣಪತ್ರ ಪ್ರಾಧಿಕಾರಗಳ ನಿಯಂತ್ರಕರು. ಸಿಸಿಎ ಮೈಕ್ರೋಸಾಫ್ಟ್‌ನ ಪಟ್ಟಿಯಲ್ಲಿದ್ದದ್ದರಿಂದ ಪ್ರಪಂಚದ ಬಹುಪಾಲು ವಿಂಡೋಸ್ ಕಂಪ್ಯೂಟರುಗಳಿಗೆ ಆ ಸಹಿ ಒಪ್ಪಿಗೆಯಾಗುತ್ತಿತ್ತು. ಫೈರ್‌ಫಾಕ್ಸ್ ಬ್ರೌಸರ್ ತನ್ನದೇ ಬೇರೆ ಪಟ್ಟಿ ಇಟ್ಟುಕೊಂಡಿದ್ದರಿಂದ ಬಚಾವಾಯಿತು. ಬೇಲಿಯೇ ಎದ್ದು ಹೊಲ ಮೇಯಿತು ಎನ್ನಲಾರೆ, ಬೇಲಿಯಲ್ಲಿ ಕಂಡಿ ಬಿದ್ದಿತ್ತು. ಮರುದಿನವೇ ಸಿಸಿಎ, ಸಹಿ ಹಾಕಲು ಎನ್‌ಐಸಿಗೆ ಕೊಟ್ಟಿದ್ದ ಅಧಿಕಾರದ ಪತ್ರಗಳನ್ನು ರದ್ದುಮಾಡಿತು. ಕ್ರೋಮ್ ಅಷ್ಟಕ್ಕೆ ನಿಲ್ಲಲಿಲ್ಲ: ಸಿಸಿಎ ಸಹಿಯನ್ನು ಗವ್ ಡಾಟ್ ಇನ್, ಎನ್‌ಐಸಿ ಡಾಟ್ ಇನ್ ಮುಂತಾದ ಕೆಲವೇ ಭಾರತೀಯ ವಿಳಾಸಗಳಿಗೆ ಸೀಮಿತಗೊಳಿಸಿತು. ಸಹಿ ಹಾಕುವವರ ಪದವಿ ಎಷ್ಟೇ ದೊಡ್ಡದಿರಲಿ, ಅದನ್ನು ಪರೀಕ್ಷಿಸುವ ಇನ್ನೊಂದು ಕಣ್ಣು ಬೇಕು ಎನ್ನುವವನು ನಾನು. ಆ ಕಣ್ಣು ಅಮೆರಿಕದ ನಾಲ್ಕಾರು ಕಂಪನಿಗಳ ಬಳಿಯೇ ಇರುವುದು ನನಗೂ ಪೂರ್ತಿ ಹಿಡಿಸದು, ಅದು ಬೇರೆ ಜಗಳ.

ಎಚ್ಚರಿಕೆಯ ಪುಟ ಬಂದರೆ ‘ಇಲ್ಲಿ ಕಳ್ಳನಿದ್ದಾನೆ’ ಎಂದಲ್ಲ. ‘ಆ ಕಡೆ ಯಾರಿದ್ದಾರೆಂದು ನಾನು ಹೇಳಲಾರೆ’ ಎಂದಷ್ಟೇ. ಪತ್ರದ ನವೀಕರಣ ಮರೆತ ಕಚೇರಿಗಳಿಂದ ಇಂಥ ಪುಟ ಪದೇ ಪದೇ ಬಂದು, ಅಡ್ವಾನ್ಸ್ಡ್ ಒತ್ತುವುದು ಜನರಿಗೆ ಚಪ್ಪಲಿ ಬಿಡುವಷ್ಟು ಸಹಜವಾಗಿಬಿಟ್ಟಿದೆ. ಮುಂದೆ ಮರೆಯಲು ಅವಕಾಶ ಇನ್ನೂ ಕಡಿಮೆ: 2020ರಿಂದ ಗರಿಷ್ಠ 398 ದಿನವಿದ್ದ ಅವಧಿಯನ್ನು 2029ರ ಮಾರ್ಚ್ ಹೊತ್ತಿಗೆ 47 ದಿನಕ್ಕೆ ಇಳಿಸಲು ತೀರ್ಮಾನವಾಗಿದೆ. ಡೈರಿಯಲ್ಲಿ ಬರೆದಿಟ್ಟುಕೊಂಡು ನವೀಕರಿಸುವ ಕಾಲ ಮುಗಿಯಿತು, ಕೆಲಸ ತಾನೇ ತಾನಾಗಿ ನಡೆಯುವ ಏರ್ಪಾಡು ಮಾಡಲೇಬೇಕು.

ಆದರೆ ನಿಮ್ಮ ವಿಷಯದಲ್ಲಿ ಇಲಾಖೆಯನ್ನು ಬೈಯಲು ನನಗೆ ಮನಸ್ಸಿಲ್ಲ. ಮೊಬೈಲಿನಲ್ಲಿ ಸರಾಗವಾಗಿ ತೆರೆಯಿತು ಎಂದಿರಲ್ಲ, ಸುಳಿವು ಅಲ್ಲೇ ಇದೆ. ದೋಷ ಬಹುಶಃ ಆ ಸೆಂಟರಿನ ಕಂಪ್ಯೂಟರಿನದು. ಒಳಗಿನ ಬಿಲ್ಲೆಯಾಕಾರದ ಬ್ಯಾಟರಿ ಸತ್ತರೆ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ, ಆಗ ಅಸಲಿ ಪತ್ರವೂ ಅದಕ್ಕೆ ಅವಧಿ ಇನ್ನೂ ಶುರುವಾಗದ ಪತ್ರದಂತೆ, ಅಸಿಂಧುವಾಗಿ ಕಾಣುತ್ತದೆ. ಅಪ್‌ಡೇಟ್ ಕಾಣದ ಹಳೆಯ ವಿಂಡೋಸ್ ಇದ್ದರೂ ಹೀಗಾಗಬಹುದು. ಮುಂದಿನ ಸಲ ಹೋದಾಗ ಪರದೆಯ ಮೂಲೆಯಲ್ಲಿ ತಾರೀಖು ನೋಡಿ. ತಪ್ಪಿದ್ದರೆ ಸರಿಮಾಡಲು ಹುಡುಗನಿಗೆ ಹೇಳಿ. ತಾರೀಖು ಸರಿಯಿದ್ದೂ ಎಚ್ಚರಿಕೆ ಬಂದರೆ ಆಧಾರ್ ಸಂಖ್ಯೆ, ಪಾಸ್‌ವರ್ಡ್, ಒಟಿಪಿ ಯಾವುದನ್ನೂ ಅಲ್ಲಿ ಹಾಕಬೇಡಿ. ಅವತ್ತು ಪಾಸ್‌ವರ್ಡ್ ಹಾಕಿದ್ದರೆ ಈಗ ನಿಮ್ಮ ಮೊಬೈಲಿನಿಂದಲೇ ಬದಲಿಸಿಬಿಡಿ.