ಇಂಟರ್‌ನ್ಯಾಷನಲ್ ಬಿಸಿನೆಸ್ ಓದಿಸಬಹುದೇ?

ಪ್ರಶ್ನೆ: ಮಗಳು ದ್ವಿತೀಯ ಪಿಯುಸಿ ಕಾಮರ್ಸ್ ಮುಗಿಸಿದ್ದಾಳೆ. ಬೆಂಗಳೂರಿನ ಖಾಸಗಿ ಕಾಲೇಜಿನಲ್ಲಿ ಇಂಟರ್‌ನ್ಯಾಷನಲ್ ಬಿಸಿನೆಸ್ ಬಿಬಿಎ ಸೇರುತ್ತೇನೆ ಅನ್ನುತ್ತಾಳೆ. ಇಲ್ಲಿನ ಬಿ.ಕಾಂಗೆ ಹೋಲಿಸಿದರೆ ಫೀಸು ಎಷ್ಟೋ ಪಟ್ಟು ಹೆಚ್ಚು, ಸಾಲ ಮಾಡಬೇಕು. ನಮ್ಮದು ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲ್ಲಾಳಿ ಅಂಗಡಿ. ಸೇರಿಸಬಹುದೇ? ರಫ್ತು ಲೈಸೆನ್ಸ್ ಈಗಲೇ ಮಾಡಿಸಿಡಬೇಕೇ?

ಉತ್ತರ: ಸಾಲ ಮಾಡಿ ಸೇರಿಸಬೇಡಿ. ವಿಷಯ ಒಳ್ಳೆಯದೇ. ಆದರೆ ಡಿಗ್ರಿ ಹಂತದಲ್ಲಿ ಬಹಳ ಕಡೆ ಎಲ್ಲದರ ಪರಿಚಯವನ್ನಷ್ಟೇ ಮಾಡಿಸಿ ಬಿಡುತ್ತಾರೆ, ಯಾವ ಕೆಲಸಕ್ಕೂ ಕೈ ಪಳಗುವುದಿಲ್ಲ. ಈ ಕ್ಷೇತ್ರದಲ್ಲಿ ಹೊಸಬರಿಗೆ ಕೆಲಸ ಸಿಗುವುದು ಕಸ್ಟಮ್ಸ್ ಬ್ರೋಕರ್ (ವ್ಯಾಪಾರಿಗಳ ಪರವಾಗಿ ಸುಂಕ ಇಲಾಖೆಯ ಕೆಲಸ ಮಾಡಿಕೊಡುವವರು) ಕಚೇರಿ, ಸರಕು ಸಾಗಣೆ ಕಂಪನಿ, ಆಮದು-ರಫ್ತಿನ ಹಣಕಾಸು ನೋಡಿಕೊಳ್ಳುವ ಬ್ಯಾಂಕಿನ ಟ್ರೇಡ್ ಫೈನಾನ್ಸ್ ವಿಭಾಗ, ರಫ್ತು ಕಂಪನಿಯ ದಾಖಲೆ ವಿಭಾಗ ಇಂಥ ಕಡೆ. ಅಲ್ಲಿ ಡಿಗ್ರಿಯ ಹೆಸರಿಗಿಂತ ಕಾಗದಪತ್ರದ ಮೇಲಿನ ಹಿಡಿತಕ್ಕೆ ಬೆಲೆ.

ನಮ್ಮ ಕಡೆ ಒಪ್ಪಂದದ ಮೇಲೆ ಬೆಳೆಯುವ ಮಿಡಿಸೌತೆಯನ್ನೇ ನೋಡಿ. ವಿನೆಗರ್ ಹಾಕಿ ತಿನ್ನಲು ಸಿದ್ಧವಾಗಿ ವಿದೇಶಕ್ಕೆ ಹೋದರೆ ಅದರ ಎಚ್‌ಎಸ್ ಕೋಡ್ (ಸುಂಕಕ್ಕಾಗಿ ಸರಕನ್ನು ವಿಂಗಡಿಸುವ ಸಂಖ್ಯೆ) 200110. ಮುಂದೆ ಸಂಸ್ಕರಿಸಲೆಂದು ಉಪ್ಪುನೀರಿನಲ್ಲಿ ಡ್ರಮ್ಮಿಗೆ ತುಂಬಿ ಹೋದರೆ 071140. ಕಾಯಿ ಅದೇ, ಕೋಡ್ ಬೇರೆ. ತಪ್ಪು ಕೋಡ್ ಹಾಕಿದರೆ ಆ ದೇಶದಲ್ಲಿ ಬೀಳುವ ಸುಂಕವೂ ಬೇರೆಯಾಗಬಹುದು. ಈ 6 ಅಂಕಿ ಜಗತ್ತಿಗೆಲ್ಲ ಒಂದೇ, ನಮ್ಮ ದೇಶದಲ್ಲಿ ಇನ್ನೆರಡು ಸೇರಿ 8 ಆಗುತ್ತದೆ.

ಆಮೇಲೆ ಹಣ ಬರುವ ದಾರಿ. ಲೆಟರ್ ಆಫ್ ಕ್ರೆಡಿಟ್ (ಎಲ್‌ಸಿ), ಅಂದರೆ ದಾಖಲೆ ಸರಿಯಿದ್ದರೆ ಹಣ ಕೊಡುತ್ತೇವೆಂದು ಖರೀದಿದಾರನ ಬ್ಯಾಂಕು ಕೊಡುವ ಭರವಸೆ ಪತ್ರದ ಮೇಲೆ ವ್ಯಾಪಾರವಾದರೆ ಬ್ಯಾಂಕಿನವರು ಸರಕು ನೋಡುವುದಿಲ್ಲ, ಕಾಗದ ನೋಡುತ್ತಾರೆ. ಇನ್‌ವಾಯ್ಸ್‌ನಲ್ಲಿರುವ ಸರಕಿನ ವಿವರ ಎಲ್‌ಸಿಗೆ ತಾಳೆಯಾಗಬೇಕು. ಎಲ್‌ಸಿಯಲ್ಲಿ ಬೇರೆ ಗಡುವು ಹೇಳಿಲ್ಲವಾದರೆ ಸರಕು ಹಡಗೇರಿದ 21 ದಿನದೊಳಗೆ, ಎಲ್‌ಸಿಯ ಅವಧಿಯೂ ಮೀರದಂತೆ, ದಾಖಲೆ ಒಪ್ಪಿಸಬೇಕು. ಸಿಐಎಫ್ ದರವಾದರೆ (ಸರಕಿನ ಬೆಲೆ, ವಿಮೆ, ಸಾಗಣೆ ವೆಚ್ಚ ಎಲ್ಲ ಸೇರಿದ ದರ) ವಿಮೆ ಕನಿಷ್ಠ ಆ ಮೊತ್ತದ ಶೇ. 110ರಷ್ಟಿರಬೇಕು. ಇದರಲ್ಲಿ ಒಂದು ತಪ್ಪಿದರೂ ಬ್ಯಾಂಕು ಹಣ ತಡೆಹಿಡಿಯಬಹುದು. ಸರಕು ಆಗಲೇ ಸಮುದ್ರದ ಮೇಲಿರುತ್ತದೆ, ಖರೀದಿದಾರ ದರ ಇಳಿಸಿ ಎಂದು ಪಟ್ಟು ಹಿಡಿಯಲು ಅಷ್ಟು ಸಾಕು.

ಇದನ್ನು ಕೈಯಾರೆ ಮಾಡಿಸುವ ಕಾಲೇಜಾದರೆ ಮಾತ್ರ ಹೆಚ್ಚಿನ ಫೀಸಿಗೆ ಅರ್ಥವಿದೆ. ಆರೂ ಸೆಮಿಸ್ಟರ್‌ಗಳ ಪಠ್ಯಕ್ರಮ ತರಿಸಿಕೊಳ್ಳಿ. ರಫ್ತು ದಾಖಲೆಗಳು, ವಿದೇಶಿ ವಿನಿಮಯ, ಕಾಸ್ಟ್ ಅಕೌಂಟಿಂಗ್, ಜಿಎಸ್‌ಟಿ ಪೂರ್ಣ ಪತ್ರಿಕೆಗಳಾಗಿ ಇವೆಯೇ, ಯಾವುದೋ ಘಟಕದ ಮೂಲೆಯಲ್ಲಿವೆಯೇ? ಇಂಟರ್ನ್‌ಶಿಪ್ ಎರಡು ತಿಂಗಳಿಗಿಂತ ಕಡಿಮೆಯಿದ್ದರೆ ಕಲಿಯುವುದು ಅಷ್ಟಕ್ಕಷ್ಟೇ. ಪ್ಲೇಸ್‌ಮೆಂಟ್ ಕೇಳುವಾಗ ಕಂಪನಿಗಳ ಹೆಸರಿಗೆ ಮರುಳಾಗದೆ ಹುದ್ದೆಯ ಹೆಸರು ಕೇಳಿ. ಹೆಚ್ಚಿನವರು ಸೇಲ್ಸ್ ಕೆಲಸಕ್ಕೆ ಹೋಗಿದ್ದರೆ ಆ ಕೆಲಸ ಸಾದಾ ಬಿ.ಕಾಂ ಮಾಡಿದವರಿಗೂ ಸಿಗುತ್ತದೆ.

ನನ್ನ ಸಲಹೆ: ದಾವಣಗೆರೆಯಲ್ಲೇ ಬಿ.ಕಾಂ ಮಾಡಲಿ, ಲೆಕ್ಕಪತ್ರ ಗಟ್ಟಿಯಾಗಲಿ. ರಜೆಯಲ್ಲಿ ಬೆಂಗಳೂರಿನ ಅಥವಾ ಮಂಗಳೂರಿನ ಕಸ್ಟಮ್ಸ್ ಬ್ರೋಕರ್ ಕಚೇರಿಯಲ್ಲಿ ಶಿಪ್ಪಿಂಗ್ ಬಿಲ್ (ರಫ್ತಿಗಾಗಿ ಕಸ್ಟಮ್ಸ್‌ಗೆ ಸಲ್ಲಿಸುವ ದಾಖಲೆ) ತಯಾರಿಸುವುದನ್ನು ಕೂತು ಕಲಿಯಲಿ. ಆಸಕ್ತಿ ಉಳಿದರೆ ಇಂಟರ್‌ನ್ಯಾಷನಲ್ ಬಿಸಿನೆಸ್‌ನಲ್ಲಿ ಎಂಬಿಎ ಮಾಡಬಹುದು. 1963ರಲ್ಲಿ ಸ್ಥಾಪನೆಯಾದ ದೆಹಲಿಯ ಐಐಎಫ್‌ಟಿ (ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಫಾರಿನ್ ಟ್ರೇಡ್) ಇದಕ್ಕೇ ಹೆಸರಾದ ಸಂಸ್ಥೆ, ಪ್ರವೇಶ ಈಗ ಕ್ಯಾಟ್ ಪರೀಕ್ಷೆಯ ಮೂಲಕ. ಬಿಬಿಎಯೇ ಬೇಕೆಂದು ಹಟ ಹಿಡಿದರೆ, ಮೇಲಿನ ಪರೀಕ್ಷೆಗಳಲ್ಲಿ ಕಾಲೇಜು ಪಾಸಾಗಿ, ಸಾಲವೂ ಬೇಡವೆಂದಾದರೆ ಸೇರಿಸಿ.

ಇನ್ನು ಲೈಸೆನ್ಸ್. ನೀವು ಕೇಳುತ್ತಿರುವುದು ಆಮದು-ರಫ್ತು ಮಾಡುವವರಿಗೆ ಬೇಕಾದ ಐಇಸಿ ಸಂಖ್ಯೆ. ಕೇಂದ್ರ ಸರ್ಕಾರದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ (ಡಿಜಿಎಫ್‌ಟಿ) ಜಾಲತಾಣದಲ್ಲಿ 500 ರೂಪಾಯಿ ಕಟ್ಟಿದರೆ ಸಿಗುತ್ತದೆ, ಅಂಗಡಿಯ ಪ್ಯಾನ್ ಸಂಖ್ಯೆಯೇ ಐಇಸಿ ಸಂಖ್ಯೆ. ಅವಸರವೇನೂ ಇಲ್ಲ. ಮೆಕ್ಕೆಜೋಳದಿಂದಲೂ ತಯಾರಾಗುವ ಎಥೆನಾಲ್ ಇಂಧನಕ್ಕೆ ಬೇಡಿಕೆ ಏರಿದ ಮೇಲೆ ಮೆಕ್ಕೆಜೋಳಕ್ಕೆ ದೇಶದೊಳಗೇ ಗಿರಾಕಿ ಇದ್ದಾರೆ. ಖರೀದಿದಾರ ಗೊತ್ತಾದ ಮೇಲೆ ಮಾಡಿಸಿದರೂ ಆದೀತು. ಮಾಡಿಸಿಟ್ಟರೆ ಪ್ರತಿವರ್ಷ ಏಪ್ರಿಲ್‌ನಿಂದ ಜೂನ್‌ನೊಳಗೆ, ಬದಲಾವಣೆ ಇಲ್ಲದಿದ್ದರೂ, ಜಾಲತಾಣದಲ್ಲಿ ವಿವರ ದೃಢೀಕರಿಸಬೇಕು. ಮರೆತರೆ ಸಂಖ್ಯೆ ನಿಷ್ಕ್ರಿಯವಾಗುತ್ತದೆ, ಮತ್ತೆ ದೃಢೀಕರಿಸುವವರೆಗೆ ಸರಕು ಕಳಿಸಲಾಗದು.